ಅಪ್ಪನ ಪಿಕಪ್‌ಗೆ ನಾನು ಹಾಕಿದ ಗಾಳಿ ಚೀಲಗಳು

ಚಿನೂಕ್, ಮೊಂಟಾನಾ
೧೯ ಜೂನ್ ೨೦೧೨, ಮಂಗಳವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಬೆಟ್ಟದ ಚಳಿಗೆ ಹೆಚ್ಚಾಗಿಲ್ಲ ತಾನೆ? ಅಲ್ಲಿ ಬೆಳಗಿನ ಹೊತ್ತು ಇನ್ನೂ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ ಎಂದು ರೇಡಿಯೋದಲ್ಲಿ ಹೇಳಿದರು. ಕೆರೆಯ ಪಕ್ಕ ಸದ್ಯಕ್ಕೆ ನಿನಗೆ ಕೊಟ್ಟಿರುವ ಕೋಣೆಯಲ್ಲಿ ಒಲೆ ಇದೆಯೋ ಇಲ್ಲವೋ ಎಂದು ಅಪ್ಪ ದಿನಕ್ಕೊಮ್ಮೆ ನನ್ನನ್ನು ಕೇಳುತ್ತಾರೆ, ನನಗೇನೋ ಗೊತ್ತಿರುವ ಹಾಗೆ. ಅಪಘಾತದಲ್ಲಿ ಮುರಿದ ಅವರ ಬಲಗಡೆಯ ಕೊರಳೆಲುಬು ಕೂಡುತ್ತಿದೆ, ಇನ್ನು ನಾಲ್ಕು ವಾರ ಕೈ ಜೋಲಿಯಲ್ಲೇ ಇರಬೇಕಂತೆ. ನನಗೆ ಒಂದು ಗೀರೂ ಆಗಿಲ್ಲ. ನೀನು ನೆಟ್ಟ ರೂಬಾರ್ಬ್ ಗಿಡ ಮೊಣಕಾಲೆತ್ತರ ಬಂದಿದೆ, ದಂಟು ಕೊಯ್ದು ಜಾಮ್ ಮಾಡುವ ಮನಸ್ಸು ಈ ಮನೆಯಲ್ಲಿ ಯಾರಿಗೂ ಇಲ್ಲ.

ನೀನು ಬರೆದ ಕಾರ್ಡು ಶುಕ್ರವಾರ ತಲುಪಿತು. ಅಪ್ಪನ ಹೆಸರಿಗೆ ಬಂದದ್ದನ್ನು ನಾನು ಓದಬಾರದಿತ್ತು. ಆದರೆ ಅವರು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ, ಹಾಲು ತೆಗೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. "ಗಂಟೆಗೆ ಐವತ್ತೈದು ಮೈಲಿ ದಾಟಲ್ಲ ಅಂತ ನೀನು ಮಾತು ಕೊಟ್ಟಿದ್ದೆ ವೆಂಡೆಲ್. ಜೂನ್ ಮುಗಿಯೋವರೆಗೆ ಕ್ಯಾಂಪಿನ ಕೆಲಸದಲ್ಲಿ ನಮ್ಮ ಜಾಗ ಕಾದಿರಿಸ್ತಾರಂತೆ, ಆಮೇಲೆ ಬೇರೆ ಜೋಡಿಗೆ ಕೊಡಿ ಅಂತ ನಾನೇ ಹೇಳಿದೀನಿ. ನೀನು ಬರಬೇಡ." ಅದಕ್ಕೇ ಈ ಕಾಗದ, ಅಮ್ಮಾ. ನಿನ್ನ ಆ ತೀರ್ಮಾನ ತಪ್ಪು. ತಪ್ಪಾಗಿರುವುದು ನಿನ್ನಿಂದಲ್ಲ, ನನ್ನಿಂದ.

ಎರಡು ವರ್ಷದ ಹಿಂದೆ ಹಿಮದ ರಸ್ತೆಯಲ್ಲಿ ಎಪ್ಪತ್ತೈದು ಮೈಲಿ ವೇಗದಲ್ಲಿ ಓಡಿಸಿ ನಿನ್ನನ್ನು ಚರಂಡಿಗೆ ಉರುಳಿಸಿದ ಮನುಷ್ಯನ ಪಕ್ಕ ಇನ್ನು ಕೂರಲಾರೆ ಎಂದು ನೀನು ಮಿಸೌಲಾದಲ್ಲಿರುವ ಚಿಕ್ಕಮ್ಮನ ಮನೆಗೆ ಹೋದಾಗ ನಾನು ನಿನ್ನ ಪಕ್ಷದಲ್ಲೇ ಇದ್ದೆ. ಈ ಚಳಿಗಾಲ ನೀನು ಮತ್ತೆ ಬರೆದೆ: ಕಾಡಿನ ಕ್ಯಾಂಪ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಅದನ್ನು ಗಂಡ ಹೆಂಡತಿ ಜೋಡಿಗೇ ಕೊಡುತ್ತಾರೆ, ಇರಲು ಗಾಡಿಯ ಹಿಂದೆ ಎಳೆದು ತರುವ ತಮ್ಮದೇ ಕ್ಯಾಂಪರ್ ಮನೆ ತರಬೇಕು, ಒಂದು ಬೇಸಿಗೆ ಒಟ್ಟಿಗೆ ಇದ್ದು ನೋಡೋಣ, ಆದರೆ ನಿಧಾನಕ್ಕೆ ಓಡಿಸಿಕೊಂಡು ಬಾ ಎಂದು. ಆ ಕಾಗದ ಬಂದ ದಿನ ಅಪ್ಪ ಗ್ಯಾರೇಜಿನಲ್ಲಿ ಶಿಳ್ಳೆ ಹಾಕುತ್ತಾ ಓಡಾಡಿದರು. ಹದಿನಾರು ಅಡಿಯ ಹಳೆಯ ಕ್ಯಾಂಪರ್ ಒಂದನ್ನು ತಂದು ಒಳಗೆಲ್ಲ ಹಳದಿ ಬಣ್ಣ ಬಳಿದರು. ನಿನ್ನ ಹೊಲಿಗೆ ಡಬ್ಬಿಗೆ ಒಂದು ಗೂಡು, ಓದುವ ಕನ್ನಡಕಕ್ಕೆ ಇನ್ನೊಂದು ಪುಟ್ಟ ಗೂಡು. ಕನ್ನಡಕಕ್ಕೆ ಗೂಡು ಮಾಡುವ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಕ್ಯಾಂಪರನ್ನು ಕೊಂಡಿಗೆ ಸಿಕ್ಕಿಸಿದ ಕೂಡಲೇ ಪಿಕಪ್ಪಿನ ಹಿಂಭಾಗ ಕುಸಿದು ಕೂತಿತು, ಮೂಗು ಆಕಾಶ ನೋಡಿತು. ಗ್ಯಾರೇಜಿನವನು ಬಂದು ಬಗ್ಗಿ ನೋಡಿದ. ಭಾರ ಹೊರುವ ಸ್ಪ್ರಿಂಗಿನ ಕಮಾನು ಪಟ್ಟಿಗಳು ಹಳತಾಗಿವೆ, ಹೊಸದು ಹಾಕಬೇಕು ಎಂದ. ಭಾರವನ್ನು ಮುಂದಿನ ಗಾಲಿಗಳಿಗೂ ಹಂಚುವ ಬೇರೆ ಕೊಂಡಿ ಬೇಕು. ಅಷ್ಟು ಮಾಡಿದರೂ ಬಾಗಿಲಿನ ಮೇಲೆ ಬರೆದಿರುವ ತೂಕದ ಮಿತಿ ದಾಟಬಾರದು. ಅವನು ಹೋದ ಮೇಲೆ ನಾನು ಭಾಷಣ ಶುರು ಮಾಡಿದೆ. ಆ ಮಿತಿ ಬರೆದವರು ಗಾಡಿ ಮಾರುವವರು, ದೊಡ್ಡ ಗಾಡಿ ಮಾರಲೆಂದೇ ಚಿಕ್ಕ ಗಾಡಿಗೆ ಚಿಕ್ಕ ಮಿತಿ ಬರೆಯುತ್ತಾರೆ, ತನ್ನ ಯಂತ್ರವನ್ನು ತಾನೇ ರಿಪೇರಿ ಮಾಡಲಾರದವನು ಅದರ ಒಡೆಯನಲ್ಲ, ಬಾಡಿಗೆದಾರ. ಹೀಗೇ ನಡೆಯಿತು. ಅಪ್ಪ ಕಾಫಿ ಹೀರುತ್ತಾ ಅಂದರು: "ರೈತ ಸಂಘದ ಕರಪತ್ರ ಓದಿ ಗಾಡಿ ರಿಪೇರಿಗೆ ಇಳಿದೋನು ಈ ಜಿಲ್ಲೇಲಿ ನೀನೊಬ್ನೇ ಕಣೋ. ಮಾಡು, ಮಾಡು. ನಿಮ್ಮಮ್ಮನ್ನ ಕೂರಿಸೋ ಗಾಡಿ, ಅಷ್ಟು ನೆನಪಿರ್ಲಿ."

ನಾನು ಗಾಳಿ ಚೀಲ ತರಿಸಿದೆ. ದಪ್ಪ ರಬ್ಬರಿನ ಎರಡು ಚೀಲ, ಹಿಂದಿನ ಅಚ್ಚಿಗೂ ಚೌಕಟ್ಟಿಗೂ ನಡುವೆ ಕೂರಿಸಿ ಗಾಳಿ ತುಂಬಿದರೆ ಕುಸಿದ ಗಾಡಿ ಮೇಲೇಳುತ್ತದೆ. ಒಂದಿಡೀ ಭಾನುವಾರ ಜಾಕಿ ಕೊಟ್ಟು ಕೆಳಗೆ ಮಲಗಿ ಕೆಲಸ ಮಾಡಿದೆ. ತುಕ್ಕು ಹಿಡಿದ ನಟ್ಟುಗಳು, ಕಣ್ಣಿಗೆ ಬೀಳುವ ಮಣ್ಣು, ಬೆರಳು ತರಚಿದ್ದು ಎಲ್ಲವೂ ಹಿತವಾಗಿತ್ತು. ಸಂಜೆ ಗಾಳಿ ತುಂಬಿದಾಗ ಗಾಡಿ ಮೆಲ್ಲಗೆ ಎದ್ದು ನಿಂತಿತು. ಅಪ್ಪ ರಸಮಟ್ಟ ತಂದು ಪಕ್ಕದ ಅಂಚಿನ ಮೇಲಿಟ್ಟರು, ಗುಳ್ಳೆ ನಟ್ಟನಡುವೆ ನಿಂತಿತು. "ಲೋ ಆರ್ವಿಡ್, ನಿಂಗೂ ತಲೆ ಇದೆ ಕಣೋ!" ಎಂದರು. ಅಮ್ಮಾ, ಅವರು ನನಗೆ ಹಾಗೆ ಹೇಳಿದ್ದು ಅದೇ ಮೊದಲು. ಅದು ನನ್ನನ್ನು ಎಷ್ಟು ಕೆಡಿಸಿತು ಎಂದು ಈಗ ಬರೆಯಲು ಕೈ ಓಡುತ್ತಿಲ್ಲ.

ಚೀಲದ ಪೆಟ್ಟಿಗೆಯೊಳಗೆ ಎಂಟು ಪುಟದ ಒಂದು ಕೈಪಿಡಿ ಇತ್ತು. ಊರಿನ ಲೈಬ್ರರಿಯವರು ಬಿಸಾಕಿದ ರೈತ ಸಂಘದ ಹಳೆಯ ಕರಪತ್ರಗಳನ್ನು ಒಂದಕ್ಷರ ಬಿಡದೆ ಓದಿದ ನಾನು ಅದೊಂದನ್ನು ಓದದೆ ಒಲೆಗೆ ಹಾಕಿದೆ, ಕಂಪನಿಯ ಮಾತು ನನಗೇಕೆ ಎಂದು. ಮೊನ್ನೆ ಅದೇ ಕೈಪಿಡಿಯನ್ನು ಕಂಪ್ಯೂಟರಿನಲ್ಲಿ ಹುಡುಕಿ ಓದಿದೆ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ: ಇದು ಗಾಡಿಯನ್ನು ಎತ್ತಿ ನಿಲ್ಲಿಸುತ್ತದೆ, ಅದು ಹೊರಬಲ್ಲ ಭಾರವನ್ನು ಹೆಚ್ಚಿಸುವುದಿಲ್ಲ. ಅಂದರೆ ನಾನು ಗಾಡಿಯನ್ನು ಸರಿ ಮಾಡಿರಲಿಲ್ಲ, ಅದರ ಕಷ್ಟ ನಮ್ಮ ಕಣ್ಣಿಗೆ ಕಾಣದ ಹಾಗೆ ಮಾಡಿದ್ದೆ. ಅಪ್ಪ ನಿನಗೆಂದು ಒಂದು ಕಬ್ಬಿಣದ ಒಲೆಯನ್ನು ಕ್ಯಾಂಪರಿನ ಮುಂದುಗಡೆ ಇಟ್ಟರು. ಹಾಗಾದರೆ ಹಿಂದೆಯೂ ತೂಕ ಬೇಕಲ್ಲ ಎಂದು ನಾನೇ ಬರೆದು ಅಚ್ಚು ಹಾಕಿಸಿದ ಕರಪತ್ರಗಳ ಆರು ಪೆಟ್ಟಿಗೆಗಳನ್ನು ತಂದು ಕಟ್ಟಕಡೆಗೆ, ಹಾಸಿಗೆಯ ಕೆಳಗೆ ತುಂಬಿದೆ. ಕ್ಯಾಂಪಿಗೆ ಪಟ್ಟಣದ ಜನ ಬರುತ್ತಾರೆ, ಹಂಚೋಣ ಎಂಬ ಆಸೆ. ಕಾಗದ ಎಷ್ಟು ಭಾರ ಎಂಬುದು ಹೊತ್ತವನಿಗೇ ಗೊತ್ತು. ಬಾಲ ಭಾರವಾದ ಕ್ಯಾಂಪರ್ ರಸ್ತೆಯಲ್ಲಿ ನಾಯಿಯ ಬಾಲದಂತೆ ಆಡುತ್ತದೆ ಎಂದು ಆ ಗ್ಯಾರೇಜಿನವನನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದ.

ಒಂಬತ್ತನೇ ತಾರೀಕು ಶನಿವಾರ ಬೆಳಿಗ್ಗೆ ಹೊರಟೆವು. ನಿಮ್ಮಿಬ್ಬರನ್ನು ಸೇರಿಸಿ ನಾನು ರೈಲಿನಲ್ಲಿ ಮರಳುವುದೆಂದು ಮಾತಾಗಿತ್ತು. ಅಮ್ಮಾ, ನಾನು ಪಕ್ಕದಲ್ಲೇ ಕೂತಿದ್ದೆ, ವೇಗದ ಮುಳ್ಳು ನನ್ನ ಕಣ್ಣೆದುರಿಗಿತ್ತು. ಹಾವರ್ ದಾಟಿದರೂ, ಶೆಲ್ಬಿ ದಾಟಿದರೂ ಅದು ಐವತ್ತರ ಮೇಲೆ ಹೋಗಲಿಲ್ಲ. ಹಿಂದೆ ಗಾಡಿಗಳ ಸಾಲು ಬೆಳೆದು ಒಬ್ಬ ಲಾರಿಯವನು ಹಾರ್ನ್ ಒತ್ತಿದ. "ಹುಲ್ಲು ಕೊಯ್ಯೋ ಯಂತ್ರಾನೂ ನಮ್ಮನ್ನ ದಾಟಿ ಹೋಯ್ತಲ್ಲಪ್ಪ" ಎಂದು ನಾನು ಛೇಡಿಸಿದೆ. "ಹೋಗ್ಲಿ ಬಿಡೋ. ನಿಮ್ಮಮ್ಮ ಹಿಂದಿನ ಸೀಟಲ್ಲಿ ಕೂತು ಮುಳ್ಳು ನೋಡ್ತಿದಾಳೆ ಅಂದ್ಕೊಂಡು ಓಡಿಸ್ತಿದೀನಿ" ಎಂದರು.

ಬ್ರೌನಿಂಗ್ ಆದ ಮೇಲೆ ಟೂ ಮೆಡಿಸಿನ್ ಹೊಳೆಗೆ ಇಳಿಯುವ ಇಳಿಜಾರು ನಿನಗೆ ಗೊತ್ತಲ್ಲ. ಅಲ್ಲಿ ಬೆಟ್ಟದ ಗಾಳಿ ಅಡ್ಡಕ್ಕೆ ಬಡಿಯಿತು. ಕ್ಯಾಂಪರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿತು, ಪ್ರತಿಸಲವೂ ಮೊದಲಿಗಿಂತ ಹೆಚ್ಚು. "ಸ್ಟೇರಿಂಗ್ ಕೈಗೆ ಸಿಗ್ತಿಲ್ವಲ್ಲೋ" ಎಂದರು ಅಪ್ಪ. ಕಿರುಚಲಿಲ್ಲ, ಆಶ್ಚರ್ಯಪಟ್ಟ ಹಾಗೆ ಅಂದರು. ಮುಳ್ಳು ನಲವತ್ತೆಂಟರಲ್ಲಿತ್ತು. ಆಮೇಲೆ ಕ್ಯಾಂಪರ್ ಮಗುಚಿ ಕೊಂಡಿ ಮುರಿಯಿತು, ನಮ್ಮ ಗಾಡಿ ಅರ್ಧ ಸುತ್ತು ತಿರುಗಿ ರಸ್ತೆಬದಿಯ ಕಂಬಿಗೆ ಬಡಿದು ನಿಂತಿತು. ಹಳದಿ ಗೋಡೆ ಒಡೆದು ನನ್ನ ಕರಪತ್ರಗಳೆಲ್ಲ ಹುಲ್ಲುಗಾವಲಿನ ಮೇಲೆ ಹಾರಿದವು.

ಮೊದಲು ನಿಂತವರು ಅಲ್ಲಿನ ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಜನ, ಒಬ್ಬ ಅಜ್ಜಿ ಮತ್ತು ಅವರ ಗಂಡ. ಅಜ್ಜ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರೆ ನಾನು ಏನು ಮಾಡುತ್ತಿದ್ದೆ ಗೊತ್ತೇ? ಕಾಗದ ಹೆಕ್ಕುತ್ತಿದ್ದೆ. ಅಜ್ಜಿ ಬೇಲಿಗೆ ಸಿಕ್ಕಿದ ಒಂದನ್ನು ಬಿಡಿಸಿ ತಲೆಬರಹ ಓದಿದರು. "ಯಾರು ಹೇಳಿದ್ದನ್ನೂ ನಂಬಬೇಡಿ ಅಂತ ಬರ್ದಿದೀಯ. ಸರಿ, ನಂದೊಂದು ಮಾತು ನಂಬು ಮಗಾ. ಇದನ್ನೆಲ್ಲ ಹಾಳಾಗೋಕೆ ಬಿಡು, ಹೋಗಿ ನಿಮ್ಮಪ್ಪನ ಪಕ್ಕ ಕೂತ್ಕೋ" ಎಂದರು. ನಾನು ಹೋಗಿ ಕೂತೆ. ಅಪ್ಪ ಮುಖ ಬಿಳಿಚಿಕೊಂಡು, ಒಲೆ ಒಡೆಯಿತೇ ಎಂದು ಕೇಳುತ್ತಿದ್ದರು.

ಒಡೆದ ಕ್ಯಾಂಪರನ್ನು ಅಷ್ಟು ದೂರದಿಂದ ಹೇರಿಕೊಂಡು ಬಂದವರು ಹಾರ್ಲನ್. ಹೌದು, ಧಾನ್ಯ ಸಹಕಾರ ಸಂಘದಲ್ಲಿ ಗಾಡಿ ತೂಗುವ ವೇಬ್ರಿಡ್ಜ್ ನೋಡಿಕೊಳ್ಳುವ ಅದೇ ಹಾರ್ಲನ್. ಅವರ ತಕ್ಕಡಿ ರೈತರಿಗೆ ಮೋಸ ಮಾಡುತ್ತದೆ ಎಂದು ಚಳಿಗಾಲದಲ್ಲಿ ನಾನು ಅಚ್ಚು ಹಾಕಿಸಿ ಊರೆಲ್ಲ ಅಂಟಿಸಿದ್ದೆ, ಪುರಾವೆ ಇಲ್ಲದೆ, ಬರೀ ರೋಷದಿಂದ. ಸರ್ಕಾರದವರು ಬಂದು ಪರೀಕ್ಷೆ ಮಾಡಿದರು, ತಕ್ಕಡಿ ಸರಿಯಾಗಿತ್ತು. ನಾನು ಕ್ಷಮೆ ಕೇಳಲಿಲ್ಲ. ಇನ್ನು ನಿನ್ನ ತೂಕದ ಕಟ್ಟೆ ಮೇಲೆ ಕಾಲಿಡುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿ ಬಂದಿದ್ದೆ.

ಈಗಲೂ ತನ್ನ ಯಂತ್ರವನ್ನು ತಾನು ರಿಪೇರಿ ಮಾಡುವುದು ಪ್ರತಿಯೊಬ್ಬನ ಹಕ್ಕು ಎಂದೇ ನಂಬುತ್ತೇನೆ. ಆದರೆ ಹಕ್ಕಿನ ಬಗ್ಗೆ ಬರೆದವರು ಯಾರೂ ನನಗೆ ಕಣ್ಣು ಮುಚ್ಚಿಕೋ ಎಂದಿರಲಿಲ್ಲ. ಅದನ್ನು ನಾನೇ ಸೇರಿಸಿದೆ. ನೀನು ರೇಂಜರ್ ಆಫೀಸಿನಿಂದ ಫೋನ್ ಮಾಡಿ ಎಷ್ಟು ವೇಗದಲ್ಲಿದ್ದೆ ಎಂದು ಕೇಳಿದಾಗ ಅಪ್ಪ "ಬಿಡು, ನಂದೇ ತಪ್ಪು" ಎಂದು ಇಟ್ಟುಬಿಟ್ಟರು. ಅವರದ್ದಲ್ಲ, ಅಮ್ಮಾ. ನಲವತ್ತೆಂಟು. ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಚಿಕ್ಕಮ್ಮನಿಗೆ ಫೋನ್ ಮಾಡಿದಾಗ ನನ್ನ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಡು, ಸೌದೆ ಒಬ್ಬಳೇ ಎತ್ತಬೇಡ. ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೋ, ಊಟ ಮಾತ್ರ ಬಿಡಬೇಡ.

ಮುಖ ತೋರಿಸಲು ನಾಚುತ್ತಿರುವ ನಿನ್ನ ಮಗ,
ಆರ್ವಿಡ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಬೇಸಿಗೆಗೆ ಹೊರಡುವ ಮೊದಲು ಊರಿನವರೆಲ್ಲ ಶನಿವಾರ ಹಾರ್ಲನ್ ಅವರ ಕಟ್ಟೆಯ ಮೇಲೆ ಗಾಡಿ ಹತ್ತಿಸಿ, ಮುಂದಿನ ಗಾಲಿ, ಹಿಂದಿನ ಗಾಲಿ, ಕ್ಯಾಂಪರ್ ಎಂದು ಬೇರೆ ಬೇರೆ ತೂಗಿಸಿ ಚೀಟಿ ತರುತ್ತಾರಲ್ಲ, ಅಪ್ಪ ನನ್ನನ್ನೂ ಕಳಿಸಿದ್ದರು. ನಾನು ಪೆಟ್ರೋಲ್ ಬಂಕಿನ ಹಿಂದೆ ಅರ್ಧ ಗಂಟೆ ಗಾಡಿ ನಿಲ್ಲಿಸಿ ವಾಪಸ್ ಬಂದೆ. "ತೂಗಿಸಿದ್ಯೇನೋ?" ಎಂದರು. "ಹೂಂ, ಎಲ್ಲ ಸರಿಯಾಗಿದೆ" ಎಂದೆ. ಅವರು ಚೀಟಿಯನ್ನೂ ಕೇಳಲಿಲ್ಲ. ಈಗ ಅಪ್ಪ ಕೀಲಿಕೈಯನ್ನು ಮೊಳೆಗೆ ನೇತುಹಾಕಿ, "ತೂಕ ಸರಿ ಇತ್ತು, ವೇಗಾನೂ ಇರಲಿಲ್ಲ, ಅಂದ್ಮೇಲೆ ನನ್ನ ಕೈಗೇ ವಯಸ್ಸಾಯ್ತು, ಅವಳು ಹೇಳಿದ್ದೇ ಸರಿ" ಎನ್ನುತ್ತಾರೆ. ನಿನ್ನ ಮುಂದೆ ತಪ್ಪೊಪ್ಪಿಕೊಂಡದ್ದು ಅದಕ್ಕೇ. ಭಾನುವಾರ ಹಾರ್ಲನ್ ನೋಡಲು ಬಂದಾಗ ಅಪ್ಪ, "ನಿನ್ನ ಕಟ್ಟೆ ಮೇಲೆ ಎಲ್ಲ ಸರಿಯಾಗೇ ಇತ್ತಲ್ವೇನಯ್ಯ?" ಎಂದು ಕೇಳಿದರು. ಹಾರ್ಲನ್ ನನ್ನ ಮುಖ ನೋಡಿ, "ನಂಗೆ ದಿನಕ್ಕೆ ನೂರು ಗಾಡಿ ಬರುತ್ತೆ ವೆಂಡೆಲ್, ನೆನಪಿರಲ್ಲ" ಎಂದರು. ನಾನು ಯಾರನ್ನು ಕಳ್ಳ ಎಂದು ಬರೆದೆನೋ ಅದೇ ಮನುಷ್ಯ ನನ್ನ ಸುಳ್ಳನ್ನು ಬಯಲು ಮಾಡಲಿಲ್ಲ. ಅಪ್ಪ ಈಗ ಹಿತ್ತಿಲಲ್ಲಿ ಕೂತಿದ್ದಾರೆ. ಇದನ್ನು ಅವರಿಗೆ ಮೊದಲಿನಿಂದ ಓದಿ ಹೇಳಿ, ಆಮೇಲೆ ಲಕೋಟೆಗೆ ಹಾಕುತ್ತೇನೆ, ವಿಳಾಸ ಅವರಿಂದಲೇ ಬರೆಸುತ್ತೇನೆ. ಲಕೋಟೆಯನ್ನು ಇನ್ನೊಮ್ಮೆ ನೋಡು, ಅಮ್ಮಾ. ಅಕ್ಷರ ಸೊಟ್ಟಸೊಟ್ಟಗೆ ಅಪ್ಪನ ಎಡಗೈಯದಾಗಿದ್ದರೆ ನಾನು ಹೇಳಿದ್ದೇನೆ, ಆಗ ಮೂವತ್ತನೇ ತಾರೀಕಿನೊಳಗೆ ಅವರಿಗೆ ಫೋನ್ ಮಾಡು. ನನ್ನ ಅಕ್ಷರವೇ ಆಗಿದ್ದರೆ ಧೈರ್ಯ ಸಾಲಲಿಲ್ಲ ಎಂದು ತಿಳಿ. ಆಗ ಅಪ್ಪನಿಗೆ ನೀನೇ ಹೇಳು.