‘ತಿದ್ದುವುದಕ್ಕೆ’ ಎಂದು ಕಟ್ಟಿಟ್ಟ ಏಳು ಕಾಗದಗಳು

ವಸತಿ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ನಾನು ನನ್ನ ತಾಯಿಗೆ ಬರೆದ ಏಳು ಕಾಗದಗಳು ನಿಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿ, ಮೇಲಿನಿಂದ ಮೂರನೆಯ ಖಾನೆಯಲ್ಲಿ, ಮೂವತ್ತೇಳು ವರ್ಷಗಳಿಂದ ಬಿದ್ದಿವೆ. ಇದು ಅನುಮಾನವಲ್ಲ, ಕಣ್ಣಾರೆ ಕಂಡದ್ದು. ಈ ತಿಂಗಳ ಇಪ್ಪತ್ತೆಂಟರಂದು ಅವನ್ನು ‘ಅನುಪಯುಕ್ತ ಕಾಗದಪತ್ರ’ಗಳ ಜೊತೆ ವಿಲೇವಾರಿ ಮಾಡುವುದಾಗಿ ನೀವು ನನಗೆ ಲಿಖಿತವಾಗಿ ತಿಳಿಸಿದ್ದೀರಿ. ವಿಲೇವಾರಿ ಎಂದರೆ ಸುಡುವುದೋ ಹರಿದು ಹಾಕುವುದೋ ಎಂಬುದನ್ನು ತಿಳಿಸಿಲ್ಲ. ಮುಚ್ಚಿದ ಲಕೋಟೆಯಲ್ಲಿ ನಿಮಗೆ ಎರಡು ಸಲ ಬರೆದು ನೋಡಿದೆ. ಮೂರನೆಯದನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮ್ಮ ಸಂಸ್ಥೆಯ ಕೈಗೆ ಸಿಕ್ಕ ಖಾಸಗಿ ಕಾಗದಗಳ ಗತಿ ಏನಾಗುತ್ತದೆಂದು ನನಗೀಗ ಚೆನ್ನಾಗಿ ಗೊತ್ತು.

ಮೊದಲು ನಿಮ್ಮ ಆಹ್ವಾನಕ್ಕೆ ಕೃತಜ್ಞತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಂಡ ಮನೆಗೆ ಎರಡು ಬಗೆದಳು ಎನ್ನುತ್ತೀರಿ. ಶಾಲೆಗೆ ಐವತ್ತು ತುಂಬುತ್ತಿದೆಯಂತೆ, ಸ್ಮರಣ ಸಂಚಿಕೆ ತರುತ್ತೀರಂತೆ. ಹಳೆಯ ವಿದ್ಯಾರ್ಥಿನಿಯರು ‘ಹಾಸ್ಟೆಲ್ ಜೀವನದ ಸವಿನೆನಪು’ಗಳನ್ನು ಒಂದೂವರೆ ಪುಟ ಮೀರದಂತೆ, ಹಾಳೆಯ ಒಂದೇ ಮಗ್ಗುಲಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದು ಕಳಿಸಬೇಕಂತೆ. ‘ಲೇಖನಗಳನ್ನು ತಿದ್ದುವ ಹಕ್ಕು ಸಂಪಾದಕ ಮಂಡಳಿಗಿದೆ’ ಎಂಬ ಸೂಚನೆಯೂ ಕೊನೆಯಲ್ಲಿದೆ. ಆ ಹಕ್ಕನ್ನು ನಿಮ್ಮ ಸಂಸ್ಥೆ ನನ್ನ ಮೇಲೆ ನನಗೆ ಒಂಬತ್ತು ವರ್ಷವಾಗಿದ್ದಾಗಲೇ ಚಲಾಯಿಸಿಯಾಗಿದೆ. ನನ್ನ ಹಾಸ್ಟೆಲ್ ನೆನಪುಗಳು ಆಗಲೇ ನಿಮ್ಮ ಬೀರುವಿನಲ್ಲಿವೆ, ದಿನಾಂಕ ಸಮೇತ. ಅವನ್ನೇ ಅಚ್ಚು ಹಾಕಿಸಬಹುದಲ್ಲ?

ಸವಿ ಇರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಮೂವತ್ತೆರಡು ಮಂಚಗಳ ಆ ಉದ್ದನೆಯ ಕೋಣೆಯಲ್ಲಿ ಹತ್ತೊಂಬತ್ತನೆಯದು ನನ್ನದು. ಮಂಚದ ಕೆಳಗೆ ಟ್ರಂಕು, ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅದೇ ಸಂಖ್ಯೆ, ಟವೆಲು ಮಂಚದ ಎಡಗಂಬಿಯ ಮೇಲೆ. ಬಲಗಂಬಿಯ ಮೇಲೆ ಒಣಹಾಕಿದರೆ ಆವತ್ತಿನ ಆಟ ಬಂದ್. ಪಕ್ಕದ ಮಂಚದ ದೊಡ್ಡ ಹುಡುಗಿ, ನಾವೆಲ್ಲ ಅಕ್ಕಯ್ಯ ಎನ್ನುತ್ತಿದ್ದವಳು, ಕನ್ನಡಿಯಿಲ್ಲದೆ ಜಡೆ ಹಾಕಿಕೊಳ್ಳುವುದನ್ನು ಕಲಿಸಿದಳು. ಜ್ವರ ಬಂದಾಗ ತನ್ನ ಹೊದಿಕೆಯನ್ನೂ ನನ್ನ ಮೇಲೆ ಹೊದಿಸಿ ತಾನು ಮುದುಡಿ ಮಲಗಿದಳು. ಗಣಿತದ ಮೇಷ್ಟ್ರು ಕೆಟ್ಟುಹೋದ ಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ಹರಡಿ, “ನೋಡ್ರೇ, ಒಳಗೆ ಏನೂ ಮಾಯಮಂತ್ರ ಇಲ್ಲ, ಒಂದು ಹಲ್ಲು ಇನ್ನೊಂದನ್ನ ತಳ್ಳುತ್ತೆ ಅಷ್ಟೆ” ಎಂದಿದ್ದರು. ಇವತ್ತು ನಾನು ಅನ್ನ ತಿನ್ನುತ್ತಿರುವುದು ಆ ಒಂದು ಮಾತಿನಿಂದ. ಈಗಲೂ ಎಲ್ಲಾದರೂ ಗಂಟೆ ಬಾರಿಸಿದರೆ ಕೈ ತಟ್ಟೆ ಹುಡುಕುತ್ತದೆ. ಗಬಗಬನೆ ತಿಂದು ಎದ್ದುಬಿಡುವ ನನ್ನನ್ನು ನೋಡಿ ಮನೆಯವರು, “ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?” ಎಂದು ನಗುತ್ತಾರೆ. ಶಿಸ್ತಿನ ಬಗ್ಗೆ ನನ್ನ ತಕರಾರಿಲ್ಲ, ಬೆಳಗಿನ ಜಾವದ ತಣ್ಣೀರು ಸ್ನಾನದ ಬಗ್ಗೆಯೂ ಇಲ್ಲ.

ನನ್ನ ತಕರಾರು ಭಾನುವಾರದ ಬಗ್ಗೆ. ಭಾನುವಾರ ಬೆಳಿಗ್ಗೆ ‘ಕ್ಷೇಮಪತ್ರ’ದ ಪೀರಿಯಡ್. ನಮ್ಮ ವಾರ್ಡನ್ ಮಾತು ಶುರುಮಾಡುವ ಮುಂಚೆ ಒಂದು ಸಲ, ಮುಗಿಸಿದ ಮೇಲೆ ಒಂದು ಸಲ ‘ಉಶ್’ ಎನ್ನುತ್ತಿದ್ದುದರಿಂದ ನಮ್ಮ ಬಾಯಲ್ಲಿ ಉಶ್ಶಮ್ಮ ಆಗಿದ್ದರು. ಅವರು ಬೋರ್ಡಿನ ಮೇಲೆ ಪತ್ರ ಬರೆಯುವುದು, ನಾವು ನಕಲು ಮಾಡುವುದು. ‘ನಾನು ಇಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಊಟ ರುಚಿಯಾಗಿದೆ. ಗುರುಗಳು ಪ್ರೀತಿಯಿಂದ ಕಲಿಸುತ್ತಾರೆ. ತಮ್ಮ ತಂಗಿಯರಿಗೆ ನನ್ನ ಆಶೀರ್ವಾದ.’ ಒಬ್ಬಳೇ ಮಗಳಾದ ನಾನು ಇಲ್ಲದ ತಮ್ಮ ತಂಗಿಯರಿಗೆ ಆರು ವರ್ಷ ಆಶೀರ್ವಾದ ಮಾಡಿದೆ. ಮೊದಲ ವಾರವಂತೂ ಬೋರ್ಡಿನ ಕೊನೆಯಲ್ಲಿದ್ದ ‘ನಿಮ್ಮ ಪ್ರೀತಿಯ ಮಗಳು, (ಹೆಸರು)’ ಎಂಬುದನ್ನು ಆವರಣ ಚಿಹ್ನೆ ಸಮೇತ ಹಾಗೆಯೇ ಇಳಿಸಿದ್ದೆ. ಆ ಪತ್ರ ಮಾತ್ರ ಯಾವ ತಿದ್ದುಪಡಿಯೂ ಇಲ್ಲದೆ ಸರಿಯಾದ ಸಮಯಕ್ಕೆ ಅಮ್ಮನನ್ನು ತಲುಪಿತು.

ಬೋರ್ಡಿನ ಪತ್ರ ಮುಗಿಸಿದವರು ಇನ್ನೊಂದು ಹಾಳೆಯಲ್ಲಿ ಸ್ವಂತ ಪತ್ರ ಬರೆಯಬಹುದಿತ್ತು. ಅದಕ್ಕೆ ಅನುಮತಿ ಇತ್ತೆಂಬುದನ್ನು ದಯವಿಟ್ಟು ಗಮನಿಸಿ. ನಾನು ಬರೆದೆ. ಉಶ್ಶಮ್ಮ ಓದಿ, “ಎಷ್ಟು ತಪ್ಪು ಬರೆದಿದೀಯ. ತಿದ್ದಿ ಕಳಿಸ್ತೀನಿ, ಹೋಗು” ಎಂದರು. ನಂಬಿದೆ. ಅಮ್ಮ ಬರಲಿಲ್ಲ. ತಪ್ಪು ಜಾಸ್ತಿಯಿದ್ದು ತಿದ್ದುವುದಕ್ಕೆ ಹೊತ್ತಾಗುತ್ತಿರಬೇಕು ಎಂದುಕೊಂಡು ಮತ್ತೊಂದು ಬರೆದೆ, ಮಗದೊಂದು ಬರೆದೆ. ಬೇಗ ಕಳಿಸಲಿ ಎಂಬ ಆಸೆಗೆ ಕಾಗುಣಿತ ಕಲಿತೆ, ಒತ್ತಕ್ಷರ ಕಲಿತೆ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಬಾಯಿಪಾಠ ಮಾಡಿದೆ. ಆ ವರ್ಷ ಶುದ್ಧ ಬರಹಕ್ಕೆ ನನಗೆ ಮೊದಲ ಬಹುಮಾನ ಬಂತು, ನಿಮ್ಮ ದಾಖಲೆಗಳಲ್ಲಿ ಇರಬಹುದು. ಏಳನೆಯ ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲವೆಂದು ಇಂದಿಗೂ ಪಂಥ ಕಟ್ಟಬಲ್ಲೆ. ಅದನ್ನೂ “ತಿದ್ದಿ ಕಳಿಸ್ತೀನಿ” ಎಂದೇ ತೆಗೆದುಕೊಂಡರು. ಅಮ್ಮ ಬರಲಿಲ್ಲ. ಎಂಟನೆಯದನ್ನು ನಾನು ಬರೆಯಲಿಲ್ಲ.

ಅಮ್ಮ ಆಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಅಪ್ಪ ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಆರು ಹೆಂಗಸರಿಗೆ ಒಂದು ಕೋಣೆ, ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಅದಕ್ಕೇ ನಾನು ನಿಮ್ಮ ಶಾಲೆಗೆ ಬಂದದ್ದು. ಅಮ್ಮನಿಗೆ ಓದು ಬಾರದು. ವಾರ್ಡಿನ ನರ್ಸಮ್ಮ ಒಬ್ಬರು ನನ್ನ ಕ್ಷೇಮಪತ್ರ ಓದಿ ಹೇಳುತ್ತಿದ್ದರು. ನಾಲ್ಕು ತಿಂಗಳಾಗುವ ಹೊತ್ತಿಗೆ ಅದು ಅವರಿಗೆ ಕಂಠಪಾಠವಾಗಿ ಲಕೋಟೆ ಒಡೆಯದೆಯೇ ಓದಿಬಿಡುತ್ತಿದ್ದರಂತೆ. ಅಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಬಾ ಅಂತ ಏನಾದ್ರೂ ಬರೆದಿದಾಳಾ, ಸ್ವಲ್ಪ ನೋಡಿ ಸಿಸ್ಟರ್.” ಬರೆದಿರುತ್ತಿರಲಿಲ್ಲ. ನನ್ನ ಸೋದರತ್ತೆ ತನ್ನ ಮನೆಯ ಹಿಂದಿನ ಕೋಣೆ ಬಿಟ್ಟುಕೊಡಲು ಒಪ್ಪಿದ್ದಳು. ಮಗು ಒಂದು ಸಲ ಕರೆದರೆ ಸಾಕು, ಕೆಲಸ ಬಿಟ್ಟು ಅಲ್ಲಿಗೆ ಹೋಗಿ ಬಟ್ಟೆ ಹೊಲಿದು ಬದುಕುವುದೆಂದು ಅಮ್ಮ ನಿಶ್ಚಯಿಸಿದ್ದಳು. ಕರೆಯಲಿಲ್ಲವಲ್ಲ, ಅಲ್ಲೇ ಸುಖವಾಗಿದ್ದಾಳೆ ಎಂದುಕೊಂಡು ಸುಮ್ಮನಾದಳು.

ರಜೆಯಲ್ಲಿ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ನಿಮ್ಮ ಎರಡನೆಯ ಉತ್ತರದಲ್ಲಿ ಕೇಳಿದ್ದೀರಿ. ಏಳು ಸಲ ಕರೆದರೂ ಬಾರದ ಅಮ್ಮನಿಗೆ ಒಂಬತ್ತು ವರ್ಷದ ಮಗು ಏನು ಹೇಳಬೇಕಿತ್ತು? ಅತ್ತೆಯ ಮನೆಯಲ್ಲಿ ಕಳೆದ ಎರಡು ವಾರ ನಾನು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಅವಳು ತಬ್ಬಿಕೊಳ್ಳಲು ಬಂದರೆ ಹಿಂದೆ ಸರಿದೆ. ಇವಳಿಗೆ ಶಾಲೆಯೇ ಹೆಚ್ಚಾಯಿತು ಎಂದು ಅವಳು ತಿಳಿದಳು. ಆಮೇಲೆ ಇಬ್ಬರಿಗೂ ಅದೇ ರೂಢಿಯಾಯಿತು. ಈಗ ಅವಳಿಗೆ ಎಪ್ಪತ್ತಮೂರು, ನನ್ನ ಜೊತೆಗೇ ಇದ್ದಾಳೆ. ಜಗಳವಾದಾಗಲೆಲ್ಲ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

“ನೀನು ಕಲ್ಲು ಕಣೇ. ಒಂದು ಸಲನಾದ್ರೂ ಅಮ್ಮ ಬಾ ಅಂದ್ಯಾ?”

“ಏಳು ಸಲ ಬರೆದೆ. ನೀನೇ ಬರ್ಲಿಲ್ಲ.”

“ಸುಳ್ಳು ಹೇಳ್ಬೇಡ. ಒಂದು ಸಲ ಅಂದಿದ್ರೆ ಉಟ್ಟ ಸೀರೇಲೇ ಬಂದ್‌ಬಿಡ್ತಿದ್ದೆ.”

ಇಬ್ಬರಲ್ಲಿ ಒಬ್ಬಳು ಸುಳ್ಳಿ ಎಂದು ಇಬ್ಬರೂ ನಂಬಿಕೊಂಡು ಬಂದೆವು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಿಮ್ಮ ಸಂಸ್ಥೆ ಎರಡು ಮೇಕೆಗಳ ಬಾಯಿಗೆ ಒರೆಸಿದೆ.

ನಾನು ಬೀಗ ರಿಪೇರಿ ಮಾಡುವವಳು. ಮದುವೆಯಾದ ಮೇಲೆ ಮಾವನಿಂದ ಕಲಿತ ಕಸುಬು, ಈಗ ಅಂಗಡಿ ನಾನೇ ನಡೆಸುತ್ತೇನೆ. ಕಳೆದ ತಿಂಗಳು ನಿಮ್ಮ ಗುಮಾಸ್ತರು ಫೋನ್ ಮಾಡಿ, ಕಚೇರಿಗೆ ಬಣ್ಣ ಹೊಡೆಸಬೇಕು, ಹಳೆಯ ಬೀರುವಿನ ಕೀಲಿ ಕಳೆದುಹೋಗಿದೆ, ಬನ್ನಿ ಎಂದರು. ಹೋದೆ. “ಬೀಗದವ್ರು ನೀವೇನಾ? ಗಂಡಸರು ಯಾರೂ ಬರ್ಲಿಲ್ವಾ?” ಎಂದರು. “ಬೀಗಕ್ಕೆ ಅದೆಲ್ಲ ಗೊತ್ತಾಗಲ್ಲ ಸಾರ್” ಎಂದು ಎಣ್ಣೆ ಬಿಟ್ಟು ಹತ್ತು ನಿಮಿಷದಲ್ಲಿ ತೆಗೆದುಕೊಟ್ಟೆ. ಮೂರನೆಯ ಖಾನೆಯಲ್ಲಿ ವರ್ಷವಾರು ಕಟ್ಟುಗಳಿದ್ದವು. ಒಂದೊಂದರ ಮೇಲೂ ಒಂದೊಂದು ಚೀಟಿ: ‘ತಿದ್ದುವುದಕ್ಕೆ’. ನಾನು ಸೇರಿದ ವರ್ಷದ ಕಟ್ಟಿನ ದಾರ ಮುಟ್ಟಿದರೆ ಪುಡಿಯಾಯಿತು. ನಿಮ್ಮಲ್ಲಿ ಶಿಸ್ತಿಗೆ ಏನು ಕೊರತೆ, ಕಾಗದಗಳನ್ನು ಮಂಚದ ಸಂಖ್ಯೆಯ ಪ್ರಕಾರ ಜೋಡಿಸಿದ್ದರು. ಹತ್ತೊಂಬತ್ತು ಹುಡುಕುವುದು ಕಷ್ಟವಾಗಲಿಲ್ಲ. ಎಣಿಸಿದೆ, ಏಳಿದ್ದವು. ಮೊದಲನೆಯದರಲ್ಲಿ ನನ್ನ ಕೋಳಿಕಾಲಿನ ಅಕ್ಷರ: ‘ಅಮ್ಮ, ನನಗೆ ಇಲ್ಲಿ ಆಗಲ್ಲ. ಬೇಗ ಭಾ.’ ಆ ‘ಭಾ’ದ ಸುತ್ತ ಕೆಂಪು ಶಾಯಿಯ ವೃತ್ತ. ಪಕ್ಕದಲ್ಲಿ ಉಶ್ಶಮ್ಮನ ಮುತ್ತಿನಂಥ ಅಕ್ಷರದಲ್ಲಿ ‘ಬಾ’. ತಿದ್ದಿದ್ದರು, ಮಾನ್ಯರೇ. ಕೊಟ್ಟ ಮಾತಿನಲ್ಲಿ ಅರ್ಧವನ್ನು ಚಾಚೂ ತಪ್ಪದೆ ನಡೆಸಿದ್ದರು.

ಅಲ್ಲೇ, ಬಣ್ಣದ ಡಬ್ಬಗಳ ನಡುವೆ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಿಮ್ಮ ಗುಮಾಸ್ತರು ಕೆಟ್ಟವರಲ್ಲ, ನೀರು ತಂದುಕೊಟ್ಟರು. ಆದರೆ “ಅದು ಹಳೇ ಕಸ ಕಣಮ್ಮ, ಮುಟ್ಬೇಡಿ, ರೆಕಾರ್ಡು” ಎಂದು ಕಾಗದಗಳನ್ನು ಕೈಯಿಂದ ತೆಗೆದುಕೊಂಡರು. ಒಂದೇ ಉಸಿರಿನಲ್ಲಿ ಕಸವೂ ಹೌದು, ರೆಕಾರ್ಡೂ ಹೌದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಸ ಬೀಗ ಕೂರಿಸಿ ಎರಡು ಕೀಲಿಗಳನ್ನೂ ಅವರಿಗೇ ಒಪ್ಪಿಸಿ ಬಂದೆ. ಮೂರನೆಯದೊಂದನ್ನು ಮಾಡಿಟ್ಟುಕೊಳ್ಳುವುದು ನನಗೆ ಐದು ನಿಮಿಷದ ಕೆಲಸ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ದ್ರೋಹವಿಲ್ಲ, ಮಾಡಲಿಲ್ಲ. ಬೇರೆಯವರ ವಸ್ತುವನ್ನು ಕೇಳದೆ ಇಟ್ಟುಕೊಳ್ಳಬಾರದೆಂದು ನಿಮ್ಮ ಶಾಲೆಯ ಗೋಡೆಯ ಮೇಲೇ ಬರೆದಿತ್ತಲ್ಲವೇ?

ಮನೆಗೆ ಬಂದು ಅಮ್ಮನಿಗೆ ಹೇಳಿದೆ. “ಕಾಗದ ಎಲ್ಲಿ?” ಎಂದಳು. ಕೊಡಲಿಲ್ಲ ಎಂದೆ. “ಮುದುಕಿ ಸಮಾಧಾನಕ್ಕೆ ಕತೆ ಕಟ್ತೀಯ ಬಿಡು” ಎಂದು ಆ ಕಡೆ ತಿರುಗಿ ಮಲಗಿದಳು. ಊಟದ ಹೊತ್ತಿಗೆ ಎದ್ದು ಬಂದು, “ನಿಜವಾಗ್ಲೂ ಇದ್ಯಾ?” ಎಂದು ಕೇಳಿದಳು. ಅದಾದ ಮೇಲೆ ದಿನಕ್ಕೊಂದು ಸಲ ಕೇಳುತ್ತಾಳೆ. ಮೂವತ್ತೇಳು ವರ್ಷದ ಹಳೆಯ ಗಾಯವನ್ನು ನಾನೇ ಮತ್ತೆ ಕೆದಕಿದೆನಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಇನ್ನು ನಿಮ್ಮ ಉತ್ತರಗಳು. ಮೊದಲನೆಯದು: ‘ಅಂತಹ ಪತ್ರಗಳು ಸಂಸ್ಥೆಯಲ್ಲಿ ಲಭ್ಯವಿರುವುದಿಲ್ಲ, ಲಭ್ಯವಿದ್ದಲ್ಲಿ ಅವು ಸಂಸ್ಥೆಯ ಸ್ವತ್ತಾಗಿರುತ್ತವೆ.’ ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕೇಳಿದ್ದೆ, ನೀವು ಗೋಡೆಯನ್ನೂ ಕಟ್ಟಿಕೊಟ್ಟಿರಿ. ಎರಡನೆಯದರಲ್ಲಿ ಅವು ‘ವಿದ್ಯಾರ್ಥಿನಿಯರ ದೋಷಪೂರಿತ ಬರವಣಿಗೆಯ ಮಾದರಿಗಳು’ ಆದವು. ಜೊತೆಗೆ, ‘ಅರ್ಜಿದಾರರು ಸದರಿ ಅವಧಿಯಲ್ಲಿ ತಾವು ಕ್ಷೇಮವಾಗಿರುವುದಾಗಿ ಸ್ವಹಸ್ತದಿಂದ ಪ್ರತಿ ವಾರ ಬರೆದಿರುವುದು ಗಮನಾರ್ಹ’ ಎಂಬ ಷರಾ. ನೀವೇ ಬೋರ್ಡಿನ ಮೇಲೆ ಬರೆದು, ನಮ್ಮಿಂದ ನಕಲು ಮಾಡಿಸಿ, ಅದನ್ನೇ ನಮ್ಮ ವಿರುದ್ಧ ಸಾಕ್ಷಿಯಾಗಿ ತರುವುದಕ್ಕೆ ಎಂಥ ಧೈರ್ಯ ಬೇಕು, ಮಾನ್ಯರೇ? ‘ನನಗೆ ಇಲ್ಲಿ ಆಗಲ್ಲ’ ಎಂಬ ವಾಕ್ಯದಲ್ಲಿ ದೋಷ ಎಲ್ಲಿದೆ? ಆ ಕಟ್ಟುಗಳಲ್ಲಿ ನನ್ನವು ಏಳು. ಉಳಿದವು ಯಾರವು, ಎಷ್ಟು ಮನೆಗಳಲ್ಲಿ ಈ ಜಗಳ ಇನ್ನೂ ನಡೆಯುತ್ತಿದೆ ಎಂದು ಸಂಸ್ಥೆಯಲ್ಲಿ ಒಬ್ಬರಾದರೂ ಯೋಚಿಸಿದ್ದೀರಾ? ಗೋಡೆಗೆ ಬಣ್ಣ ಹೊಡೆಸುವ ಮುಂಚೆ ಯೋಚಿಸಲು ಸಮಯವಿತ್ತು.

ನನಗೆ ಪರಿಹಾರ ಬೇಡ, ಸನ್ಮಾನ ಬೇಡ, ಸಮಾರಂಭದಲ್ಲಿ ಮುಂದಿನ ಸಾಲಿನ ಕುರ್ಚಿಯೂ ಬೇಡ. ಇಪ್ಪತ್ತೆಂಟರ ವಿಲೇವಾರಿ ನಿಲ್ಲಬೇಕು. ಪ್ರತಿಯೊಂದು ಕಾಗದವೂ ಅದರ ಮೇಲಿರುವ ವಿಳಾಸಕ್ಕೆ ಹೋಗಬೇಕು, ವಿಳಾಸದಲ್ಲಿ ಯಾರೂ ಉಳಿದಿಲ್ಲದಿದ್ದರೆ ಬರೆದವಳಿಗೆ ಹೋಗಬೇಕು. ಇಲ್ಲವಾದರೆ ಇಪ್ಪತ್ತೇಳರಂದು ನಾನು ನಿಮ್ಮ ಗೇಟಿನ ಮುಂದೆ ಇರುತ್ತೇನೆ. ಅಕ್ಕಯ್ಯನನ್ನು ಹುಡುಕಿ ಮಾತಾಡಿದ್ದೇನೆ, ಅವಳೂ ಇರುತ್ತಾಳೆ. ಅವಳು ಹದಿಮೂರು ಬರೆದಿದ್ದಳಂತೆ.

ನನ್ನ ಏಳನ್ನು ಮಾತ್ರ ಅಂಚೆಗೆ ಹಾಕಬೇಡಿ, ನನ್ನ ಕೈಗೂ ಕೊಡಬೇಡಿ. ನಾನು ಓದಿದರೆ ಅಮ್ಮ ನಂಬುವುದಿಲ್ಲ. ಸಂಸ್ಥೆಯ ಪರವಾಗಿ ಒಬ್ಬರು, ಬೇರೆ ಯಾರೂ ಬೇಡ, ತಾವೇ, ನಮ್ಮ ಮನೆಗೆ ಬಂದು ಅವಳ ಎದುರು ಕುಳಿತು ಓದಬೇಕು. ಬರೆದದ್ದನ್ನು ಬರೆದ ಹಾಗೆ ಓದಬೇಕು. ಬೆಳಿಗ್ಗೆ ಬನ್ನಿ, ಮಧ್ಯಾಹ್ನದ ಮೇಲೆ ಅವಳಿಗೆ ಆಯಾಸವಾಗುತ್ತದೆ. ಎಡಗಿವಿ ಪೂರ್ತಿ ಕೇಳಿಸುವುದಿಲ್ಲ, ಅದಕ್ಕೆ ನಿಮ್ಮ ಕುರ್ಚಿಯನ್ನು ಬಲಗಡೆ ಹಾಕಿರುತ್ತೇನೆ. ಸ್ವಲ್ಪ ಗಟ್ಟಿಯಾಗಿ ಓದಿ.

ಇಂತಿ,
ನಿಮ್ಮಲ್ಲಿ ಆರು ವರ್ಷ ಇದ್ದು ಒಳ್ಳೆಯ ಅಕ್ಷರವನ್ನೂ ಕೆಟ್ಟ ಸಹನೆಯನ್ನೂ ಕಲಿತವಳು