ಕೇಳುವವಳನ್ನೂ ಸೇರಿಸಿದ ‘ನಾವು’

ನಾರ್‌ಕ್ರಾಸ್, ಜಾರ್ಜಿಯಾ
೧೩ ಅಕ್ಟೋಬರ್ ೨೦೨೪

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆ ತಂದ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಬಾಟಲಿ ಕಪಾಟಿನಲ್ಲೇ ಕೂತಿದೆಯೋ? ನಾನು ಗಟ್ಟಿಮುಟ್ಟಾಗಿದ್ದೇನೆ, ಆದರೆ ನಿನ್ನೆಯಿಂದ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ.

ಪಕ್ಕದ ಮನೆಯ ತೆರೇಸಾಳ ಬಗ್ಗೆ ಹೇಳಿದ್ದೆನಲ್ಲ, ಮೆಕ್ಸಿಕೋದ ಕಡಲತೀರದವಳು, ನಮ್ಮ ಹಾಗೆಯೇ ಸಿಗಡಿ ಇಲ್ಲದಿದ್ದರೆ ಊಟ ಸೇರದವಳು. ನಿನ್ನೆ ಇಲ್ಲಿನ ಲೈಬ್ರರಿಯಲ್ಲಿ ಭಾಷೆಗಳ ಮೇಳವಿತ್ತು. ಅವಳ ಮೇಜಿನ ಮೇಲೆ ದಪ್ಪಕ್ಷರದಲ್ಲಿ ‘ಹುವಾವೆ’ ಎಂಬ ಬೋರ್ಡು. ಕೆಳಗೆ, ‘ಎಲ್ಲಿಂದ ಬಂದರೋ ಗೊತ್ತಿಲ್ಲದ ಜನ’ ಎಂದು ಬೇರೆ! ಪಾಪ, ಅವಳ ಮುಖ ಸಣ್ಣದಾಯಿತು. ಹುವಾವೆ ಎಂಬುದು ಅವಳ ಜನಕ್ಕೆ ಅಲ್ಲಿನ ನೆರೆಯ ಜನಾಂಗದವರು ಇಟ್ಟ ಹೆಸರಂತೆ. ತೇವದಲ್ಲಿ ಕೊಳೆತವರು ಎಂದು ಅದಕ್ಕೆ ಅರ್ಥ ಹೇಳುವುದೂ ಉಂಟಂತೆ. ಓದಿದವರು ಒಮ್ಮೆ ನಿಕರಾಗುವಾದಿಂದ ಬಂದವರು ಅನ್ನುತ್ತಾರೆ, ಒಮ್ಮೆ ಪೆರುವಿನಿಂದ ಅನ್ನುತ್ತಾರೆ. ‘ನನ್ನ ಅಜ್ಜಿಯನ್ನು ಮಾತ್ರ ಯಾರೂ ಕೇಳಲಿಲ್ಲ’ ಎಂದಳು.

ಮೇಳದ ಯಜಮಾನಿಕೆ ಬೆಂಗಳೂರಿನ ಹರಿಪ್ರಸಾದ ಅಂಕಲ್‌ರದ್ದು. ಯಾರಾದರೂ ‘ಕನ್ನಡ್’ ಅಂದರೆ ಸಾಕು, ‘ಕನ್ನಡ ಅನ್ರೀ’ ಎಂದು ಅರ್ಧ ಗಂಟೆ ಕೊರೆಯುವ ಮನುಷ್ಯ! ಹೆಸರು ಬದಲಿಸಿ ಎಂದರೆ, ‘ಅಯ್ಯೋ, ಗೂಗಲ್ ಮಾಡಿ ನೋಡಮ್ಮಾ, ಹಾಗೇ ಇದೆ. ಪ್ರಿಂಟ್ ಆಗೋಗಿದೆ, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರು. ನಾಚಿಕೆಯಾಗಬೇಡವೇ? ನಾನೇ ಬೋರ್ಡು ತಿರುಗಿಸಿ, ಹಿಂಬದಿಯಲ್ಲಿ ತೆರೇಸಾ ಹೇಳಿದ ಹೆಸರು ಬರೆದೆ: ‘ಇಕೂತ್ಸ್’. ಅಂಕಲ್ ಮಾತು ಬಿಟ್ಟಿದ್ದಾರೆ. ಬಿಡಲಿ.

ಇಕೂತ್ಸ್ ಎಂದರೆ ‘ನಾವು’ ಅಂತೆ, ಕೇಳುತ್ತಿರುವವರನ್ನೂ ಸೇರಿಸಿಕೊಂಡ ನಾವು! ಕೇಳುವವರನ್ನು ಬಿಟ್ಟು ಹೇಳುವ ‘ನಾವು’ಗೆ ಬೇರೆಯೇ ಪದವಿದೆ. ನಮ್ಮ ತುಳುವಿನಲ್ಲಿ ಸೇರಿಸಿ ಹೇಳಿದರೆ ‘ನಮ’, ಬಿಟ್ಟು ಹೇಳಿದರೆ ‘ಎಂಕುಲು’ ಇದೆಯಲ್ಲ, ಥೇಟ್ ಹಾಗೇ ಅಣ್ಣಾ! ಅವರ ಭಾಷೆಯ ಹೆಸರಿಗೆ ‘ನಮ್ಮ ಬಾಯಿ’ ಎಂದರ್ಥ. ಖುಷಿಗೆ ಅಲ್ಲೇ ಅವಳನ್ನು ತಬ್ಬಿಕೊಂಡೆ.

ಅತ್ತಿಗೆಗೆ ನನ್ನ ನಮಸ್ಕಾರ, ಮದುಮಗಳು ಅಶ್ವಿತಾಳ ಕೆನ್ನೆಗೊಂದು ಮುತ್ತು. ಎಣ್ಣೆ ಹಚ್ಚಿಕೋ.

ನಿನ್ನ ತಂಗಿ,
ಅಪ್ಪಿ

ತಾ.ಕ.: ಮೊನ್ನೆ ಫೋನಿನಲ್ಲಿ ನೀನು ಮಗಳ ಮದುವೆಗೆ ಕರೆದೆ, ‘ಎಂಕ್ಲೆನ ಇಲ್ಲಡ್ ಮದಿಮೆ, ಬರೊಡು’ ಎಂದು. ತುಳು ಬರೆದು ಅಭ್ಯಾಸವಿಲ್ಲದ ನಾವು ಅದನ್ನೇ ಕನ್ನಡದಲ್ಲಿ ‘ನಮ್ಮ ಮನೆಯಲ್ಲಿ ಮದುವೆ’ ಎಂದು ಬರೆದರೆ ಎಷ್ಟು ಚಂದ ಕಾಣುತ್ತದೆ, ಆ ‘ನಮ್ಮ’ದಲ್ಲಿ ನಾನೂ ಇರಬಹುದು! ಆದರೆ ನನ್ನ ಕಿವಿಗೆ ಬಿದ್ದದ್ದು ‘ಎಂಕ್ಲೆನ’, ನಾನಿಲ್ಲದ ‘ನಮ್ಮ’. ನಾನು ಹುಟ್ಟಿದ ಮನೆಗೆ ನನ್ನನ್ನೇ ನೆಂಟರ ಹಾಗೆ ಕರೆದೆಯಲ್ಲ! ಟಿಕೆಟ್ ಇನ್ನೂ ಮಾಡಿಸಿಲ್ಲ. ಒಮ್ಮೆ ತುಳುವಿನಲ್ಲೇ, ನನ್ನನ್ನೂ ಸೇರಿಸಿ ‘ನಮ್ಮ ಇಲ್ಲಡ್’ ಅನ್ನು, ಬರುತ್ತೇನೆ.