ನಾಲ್ಕು ಕಾಲಿನ ಮೊಲ

ಅಕ್ಕನಿಗೆ,

'ಪ್ರೀತಿಯ' ಎಂಬ ಪದವನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ದಿನಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು ನಾನು. ಯಾವ ಪದ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ನನಗೆ ಗೊತ್ತು.

ಮೊದಲು ಸಂಗತಿಗಳು. ಇಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಪಶುವೈದ್ಯೆಯ ಕ್ಲಿನಿಕ್ಕಿನ ಹೊರಕೋಣೆಯಲ್ಲಿ, ಒಂದು ಕಾಲು ಗಿಡ್ಡವಾಗಿರುವ ಕುರ್ಚಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ನನ್ನ ಮೊಲ ಟವೆಲಿನ ಮೇಲೆ ಮಲಗಿದೆ. ಬೆಳಿಗ್ಗೆ ಹನ್ನೊಂದಕ್ಕೆ ಅದರ ಮೂತ್ರಕೋಶದಿಂದ ಕಡಲೆಕಾಳಿನಷ್ಟು ದೊಡ್ಡ ಕಲ್ಲು ತೆಗೆದರು. ಹೊಲಿಗೆ ಚೆನ್ನಾಗಿ ಕೂತಿದೆ, ರಕ್ತ ಹೆಚ್ಚು ಹೋಗಿಲ್ಲ. ಕಲ್ಲಿನಿಂದ ಅದು ಸಾಯುವುದಿಲ್ಲ. ಸತ್ತರೆ ನಿನ್ನಿಂದ ಸಾಯುತ್ತದೆ.

ಎರಡು ಗಂಟೆಗೆ ನೀನು ಊರಿಗೆ ಹೋಗುವ ಬಸ್ಸಿನಿಂದ ಫೋನ್ ಮಾಡಿದೆ. ಮೊಲಕ್ಕೆ ಎಚ್ಚರವಾಗಿದೆ, ಆದರೆ ಹೊಟ್ಟೆ ಗಟ್ಟಿಯಾಗಿದೆ, ಯಾಕೆಂದು ಡಾಕ್ಟರಿಗೂ ತಿಳಿಯುತ್ತಿಲ್ಲ ಎಂದು ನಾನು ಹೇಳಿದೆ. ಆಗ ನೀನು ಆಡಿದ ಮಾತನ್ನು ಅಕ್ಷರ ಬಿಡದೆ ಬರೆದಿಟ್ಟುಕೊಂಡಿದ್ದೇನೆ: "ಹೊಟ್ಟೆಗೇನಾಗುತ್ತೆ? ಖಾಲಿ ಮಾಡಿಸೇ ಕಳಿಸಿದ್ದೀನಿ. ನಿನ್ನೆ ಸಂಜೆ ಆರಕ್ಕೇ ಹುಲ್ಲೆಲ್ಲ ತೆಗೆದು ಬೀರು ಮೇಲಿಟ್ಟೆ. ಮೂವತ್ತೊಂದು ವರ್ಷ ವಾರ್ಡ್ ನೋಡಿದೋಳಿಗೆ ಅಷ್ಟೂ ಗೊತ್ತಾಗಲ್ವಾ? ಥ್ಯಾಂಕ್ಸ್ ಹೇಳೋದು ಕಲಿ."

ಬುಧವಾರ ನನಗೆ ಸಂಜೆಯ ಪಾಳಿ ಇತ್ತು. ಎರಡು ದಿನ ಇರಲು ಬಂದಿದ್ದ ನಿನ್ನ ಕೈಗೆ ಮೊಲವನ್ನು ಒಪ್ಪಿಸಿ ಹೋದೆ. ಉಪವಾಸ ಹಾಕಬಾರದು ಎಂದು ವೈದ್ಯೆ ಹೇಳಿದ್ದನ್ನು ಕೆಂಪು ಪೆನ್ನಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಯೇ ಹೋಗಿದ್ದೆ. ಬೆಳಿಗ್ಗೆ ಹುಲ್ಲಿನ ಬುಟ್ಟಿ ಖಾಲಿ ಇರುವುದನ್ನು ಕಂಡು, ಹೆದರದೆ ಎಲ್ಲವನ್ನೂ ತಿಂದು ಮುಗಿಸಿದೆಯಲ್ಲ ಎಂದು ಹೆಮ್ಮೆಪಟ್ಟೆ. ನೀನು ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಿದ್ದೆ.

ನೀನು ಹೇಳಿದ್ದನ್ನು ವೈದ್ಯೆಗೆ ಹೇಳಿದಾಗ ಅವರು ಕೈಗವಸು ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಂತರು. "ಹದಿನೇಳು ಗಂಟೆನಾ? ಮನುಷ್ಯರಿಗಾದ್ರೆ ಸರಿ ರೀ, ಅರಿವಳಿಕೆ ಕೊಟ್ಟಾಗ ವಾಂತಿ ಆದೀತು ಅಂತ ಹೊಟ್ಟೆ ಖಾಲಿ ಇಡಿಸ್ತಾರೆ. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ. ಹೊಟ್ಟೆ ಖಾಲಿ ಬಿಟ್ರೆ ಕರುಳು ಮುಷ್ಕರ ಹೂಡಿಬಿಡುತ್ತೆ. ಇನ್ನೇನಿದ್ರೂ ಹಿಕ್ಕೆ ಬೀಳೋದನ್ನ ಕಾಯೋದು. ಬಿದ್ರೆ ಗೆದ್ವಿ. ಹೊಟ್ಟೆ ಮಾತ್ರ ತಣ್ಣಗಾಗೋಕೆ ಬಿಡಬೇಡಿ. ಮೊಲದ ಹೊಟ್ಟೆ ತಣ್ಣಗಾದ್ರೆ ಕೈಬಿಟ್ಟಂಗೆ."

ಹಾಗಾಗಿ ನಾನೀಗ ಹಿಕ್ಕೆ ಕಾಯುತ್ತಿದ್ದೇನೆ. ನಲವತ್ತೇಳು ವರ್ಷದ ಹೆಂಗಸು, ಮೊಲದ ಬಾಲದ ಕೆಳಗೆ ಬಿಳಿ ಕಾಗದ ಹಾಸಿ, ಅರ್ಧ ಗಂಟೆಗೊಮ್ಮೆ ಒಳಗೆ ಹೋಗಿ ಇಣುಕುತ್ತಾಳೆ. ನಗುವುದಿದ್ದರೆ ನಗು. ಕಾಯುವ ಕೆಲಸದ ನಡುವೆ ನಿನ್ನ ಮೇಲೆ ಹೇಗೆ ಸೇಡು ತೀರಿಸಿಕೊಳ್ಳುವುದು ಎಂದು ಯೋಚಿಸುವುದಕ್ಕೆ ಬೇಕಾದಷ್ಟು ಸಮಯವಿದೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಾದೆಯನ್ನು ನಮ್ಮ ಮನೆಯಲ್ಲಿ ನಿನ್ನ ಹೆಸರಿನ ಬದಲಿಗೆ ಬಳಸುತ್ತಿದ್ದರು. "ಮೂರು ಕಾಲು ಬಂದ್ಲಾ?" ಎಂದು ಅಪ್ಪ ಕೇಳಿದರೆ ನೀನು ಶಾಲೆಯಿಂದ ಬಂದೆಯಾ ಎಂದು ಅರ್ಥ. ಜ್ವರ ಇಳಿಯಲಿ ಎಂದು ನನ್ನ ಜಡೆಯನ್ನು ಕತ್ತರಿಸಿ, ಮರುದಿನ ಜ್ವರ ಇಳಿದದ್ದು ಮಾತ್ರೆಯಿಂದ ಎಂದು ಗೊತ್ತಾದ ಮೇಲೂ, "ಇಳೀತು ತಾನೆ?" ಎಂದವಳು ನೀನು. ಅಕ್ಕ, ನನ್ನ ಮೊಲಕ್ಕೆ ನಾಲ್ಕು ಕಾಲಿದೆ. ಈಗಷ್ಟೇ ಎಣಿಸಿ ಬಂದೆ. ನಾಲ್ಕೂ ತಣ್ಣಗಿವೆ.

ಅದರ ಹೆಸರನ್ನೂ ನೀನು ಬಿಡಲಿಲ್ಲ. ಎಡಗಿವಿಯ ಮೇಲೆ ಅಲ್ಪವಿರಾಮದಂಥ ಕಪ್ಪು ಗುರುತು ಇರುವುದರಿಂದ ನಾನದನ್ನು ಅಲ್ಪ ಎಂದು ಕರೆದೆ. ಕರಡು ತಿದ್ದುವವಳ ಮನೆಯ ಮೊಲಕ್ಕೆ ಬೇರೆ ಏನು ಹೆಸರಿಡಲಿ? ನೀನು ಮಂಗಳವಾರ ಬಂದವಳೇ, ಚಪ್ಪಲಿ ಬಿಡುವ ಮುಂಚೆಯೇ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನಿನ್ನ ಅಲ್ಪನಿಗೆ ಆಪರೇಷನ್ ಅಂತೆ!" ಎಂದು ನಕ್ಕೆ. ನಾನೂ ನಕ್ಕೆ. ಆ ನಗುವನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ.

ಐದು ಗಂಟೆ. ಹಿಕ್ಕೆ ಇಲ್ಲ. ಪಕ್ಕದ ಕುರ್ಚಿಯಲ್ಲಿ ಗಿಳಿಯ ಪಂಜರ ಹಿಡಿದು ಕೂತಿರುವ ನಿವೃತ್ತ ಮೇಷ್ಟ್ರು, "ಏನಮ್ಮ, ಅಷ್ಟೊತ್ತಿಂದ ಬರೀತಿದ್ದೀಯ, ಉಯಿಲಾ?" ಎಂದು ಕೇಳಿದರು. ಅಲ್ಲ ಸರ್, ಬೈಗುಳ ಎಂದೆ. "ಹಾಗಾದ್ರೆ ಕಾಗುಣಿತ ನೋಡ್ಕೊ. ತಪ್ಪಿದ್ರೆ ಬೈಸಿಕೊಂಡೋರು ಗೆದ್ದುಬಿಡ್ತಾರೆ" ಎಂದರು.

ನಾನು ಸೇಡನ್ನು ಗೊತ್ತು ಮಾಡಿದ್ದೇನೆ. ನೀನು ಬಸ್ಸಿಳಿದಾಗಿನಿಂದ ಒಂಬತ್ತು ಸಲ ಫೋನ್ ಮಾಡಿದ್ದೀಯ, ನಾನು ಎತ್ತಿಲ್ಲ. ಎತ್ತುವುದೂ ಇಲ್ಲ. ಮೊಲ ಬದುಕಿತೋ ಸತ್ತಿತೋ ಎಂಬುದು ನಿನಗೆ ಈ ಪತ್ರದಿಂದಲೇ ತಿಳಿಯಬೇಕು. ಸತ್ತರೆ ಇಷ್ಟನ್ನೂ ಹರಿದು ಹಾಕಿ ನಾಲ್ಕು ಸಾಲು ಬರೆಯುತ್ತೇನೆ, ನಿಧನ ವಾರ್ತೆಯ ಅಳತೆಗೆ. ಬದುಕಿದರೆ ಇದನ್ನೇ ಕಳಿಸುತ್ತೇನೆ. ಎರಡರಲ್ಲಿ ಯಾವುದಾದರೂ ಸಾದಾ ಅಂಚೆಯಲ್ಲೇ ಬರುತ್ತದೆ, ಮೂರು ದಿನ ಹಿಡಿಯುತ್ತದೆ. ಸುದ್ದಿಯ ಮನೆಯಲ್ಲಿ ಕೆಲಸ ಮಾಡುವವಳಿಗೆ ಇದಕ್ಕಿಂತ ದೊಡ್ಡ ಆಯುಧ ಬೇರೆ ಇಲ್ಲ. ನಿನ್ನನ್ನು ಸುದ್ದಿಯಿಲ್ಲದೆ ಉಪವಾಸ ಹಾಕುತ್ತೇನೆ.

ಒಂದು ಮೊಲಕ್ಕೆ ಇಷ್ಟೊಂದಾ ಎಂದು ನೀನು ಕೇಳುತ್ತೀಯ. ಒಂದು ಮೊಲಕ್ಕಲ್ಲ.

ಅಮ್ಮ ನಿನ್ನ ವಾರ್ಡಿನಲ್ಲೇ ಮಲಗಿದ್ದಳು, ಕಿಟಕಿಯ ಪಕ್ಕದ ಹಾಸಿಗೆ. ಆಪರೇಷನ್ ಬುಧವಾರ ಎಂದರು, ಆಮೇಲೆ ಗುರುವಾರ ಎಂದರು, ಗುರುವಾರ ಇನ್ನೊಂದು ತುರ್ತು ಕೇಸ್ ಬಂದು ಶುಕ್ರವಾರಕ್ಕೆ ಹಾಕಿದರು. ಎರಡು ದಿನ ಅವಳ ಬಾಯಿಗೆ ಏನನ್ನೂ ಬಿಡಲಿಲ್ಲ. ಡ್ರಿಪ್ ಹೋಗುತ್ತಿತ್ತು, ನಿಜ. ಆದರೆ ಡ್ರಿಪ್ ಕೈಗೆ ಹೋಗುತ್ತದೆ, ನಾಲಗೆಗಲ್ಲ. ಗುರುವಾರ ಸಂಜೆ ಅವಳು ನನ್ನ ಸೆರಗು ಹಿಡಿದು, "ಒಂದು ಗುಟುಕು ಕಾಫಿ ಕೊಡೇ, ಮೂರು ಕಾಲು ನೋಡದ ಹಾಗೆ" ಎಂದಳು. ನಾನು ಲೋಟ ತಂದೆ. ನೀನು ನೋಡಿದೆ. ಹತ್ತು ಜನರ ಎದುರು ಲೋಟ ಕಿತ್ತುಕೊಂಡು ತೊಟ್ಟಿಗೆ ಸುರಿದು, "ರೂಲ್ ಗೊತ್ತಿಲ್ಲದೋರು ಪ್ರೀತಿ ತೋರಿಸೋಕೆ ಬರಬಾರದು" ಎಂದೆ. ಶುಕ್ರವಾರ ಆಪರೇಷನ್ನಿಗೆ ಕರೆದೊಯ್ಯುವ ಮೊದಲೇ ಅಮ್ಮ ಹೋದಳು.

ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಮೂವರು ಡಾಕ್ಟರುಗಳ ಬಳಿ ವಿಚಾರಿಸಿದ್ದೇನೆ, ನಿಯಮ ಸರಿಯೇ. ಆದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಬಹುದಿತ್ತು ಎಂದೂ ಮೂವರೂ ಹೇಳಿದರು. ಅದನ್ನು ನೀನು ಸಾವಿರ ಮಂದಿಗೆ ಮಾಡಿದ್ದೀಯ. ನಿನ್ನ ಅಮ್ಮನಿಗೆ ಮಾಡಲಿಲ್ಲ, ಯಾಕೆಂದರೆ ಆ ಹೊತ್ತಿಗೆ ನೀನು ನನ್ನೆದುರು ಗೆಲ್ಲಬೇಕಾಗಿತ್ತು. ಹನ್ನೊಂದು ವರ್ಷದಿಂದ ಇದನ್ನು ಹೇಳಿರಲಿಲ್ಲ. ಈಗ ಅಚ್ಚಾಗಿದೆ.

ಶುಕ್ರವಾರ, ಬೆಳಿಗ್ಗೆ ಹನ್ನೊಂದೂವರೆ. ಹಿಕ್ಕೆ ಇಲ್ಲ. ಸಿರಿಂಜಿನಲ್ಲಿ ಹುಲ್ಲಿನ ಪುಡಿಯ ಗಂಜಿ ಕುಡಿಸಿದೆ, ಅರ್ಧ ಗಲ್ಲಕ್ಕೆ ಅಂಟಿತು, ಅರ್ಧ ನನ್ನ ತೋಳಿಗೆ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಆನಿಸಿ ಕೂತಿದ್ದೇನೆ. ಭಾವನ ಸಂದೇಶ ಬಂದಿದೆ: "ನಿಮ್ಮಕ್ಕ ನಿನ್ನೆಯಿಂದ ಊಟ ಬಿಟ್ಟಿದ್ದಾಳೆ ಕಣಮ್ಮ. ತಟ್ಟೆ ಮುಂದೆ ಕೂತು ಫೋನ್ ನೋಡ್ತಾಳೆ, ಎದ್ದು ಹೋಗ್ತಾಳೆ. ಒಂದು ಮಾತು ಹೇಳಬಾರದಾ?" ಓದಿ ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಎರಡು ಸಲ ಓದಿದೆ. ಉತ್ತರ ಕೊಡಲಿಲ್ಲ.

ಅದೇ ದಿನ, ಮಧ್ಯಾಹ್ನ ಎರಡು. ಈ ಭಾಗವನ್ನು ಬರೆಯಲು ನನಗೆ ಇಷ್ಟವಿಲ್ಲ. ಒಣ ಟವೆಲ್ ತರಲು ಮನೆಗೆ ಹೋಗಿದ್ದೆ. ಫ್ರಿಜ್ಜಿನ ಬಾಗಿಲ ಮೇಲೆ ನನ್ನ ಚೀಟಿ ಹಾಗೇ ಇತ್ತು. ಪಾಳಿಗೆ ಹೊತ್ತಾಗಿತ್ತೆಂದು ಅವಸರದಲ್ಲಿ ಮೂರೇ ಪದ ಬರೆದಿದ್ದೆ:

ಉಪವಾಸ ಬೇಡ ಹುಲ್ಲು

ಬೇರೆಯವರ ಕರಡನ್ನು ಓದುವ ಹಾಗೆ ನಿಂತು ಓದಿದೆ. ಉಪವಾಸ ಬೇಡ, ಹುಲ್ಲು. ಮತ್ತೆ ಓದಿದೆ. ಉಪವಾಸ, ಬೇಡ ಹುಲ್ಲು. ಎರಡೂ ಆಗುತ್ತದೆ. ಮೂವತ್ತೊಂದು ವರ್ಷ ರೋಗಿಗಳನ್ನು ಖಾಲಿ ಹೊಟ್ಟೆಯಲ್ಲಿ ಆಪರೇಷನ್ನಿಗೆ ಕಳಿಸಿದವಳು ಅದನ್ನು ಎರಡನೆಯ ರೀತಿಯಲ್ಲೇ ಓದುತ್ತಾಳೆ. "ನೀನು ಬರೆದ ಹಾಗೇ ಮಾಡಿದ್ದೀನಿ" ಎಂದು ಫೋನಿನಲ್ಲಿ ನೀನು ಹೇಳಿದ್ದೆ, ನಾನದನ್ನು ಸುಳ್ಳೆಂದುಕೊಂಡು ಮೇಲೆ ಬರೆಯಲೂ ಇಲ್ಲ. ಜಗತ್ತಿನವರ ಅಲ್ಪವಿರಾಮಗಳನ್ನೆಲ್ಲ ಸರಿಮಾಡುವವಳು, ಅಲ್ಪ ಎಂಬ ಮೊಲದ ಚೀಟಿಯಲ್ಲಿ ಅಲ್ಪವಿರಾಮ ಬಿಟ್ಟಿದ್ದೆ. ಗಿಳಿ ಮೇಷ್ಟ್ರು ಸರಿಯಾಗೇ ಹೇಳಿದ್ದರು.

ಚೀಟಿಯನ್ನು ಹರಿದು ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಮುಂದೆ ಹೋಗಿತ್ತು ಕೂಡ. ಆದರೆ ದಿನಾ ಎರಡನೆಯ ಪುಟದ ಕೆಳಮೂಲೆಯಲ್ಲಿ ಬರುವ ತಿದ್ದುಪಡಿಯ ಚೌಕವನ್ನು ಬರೆಯುವುದು ನಾನೇ. ಆದ್ದರಿಂದ:

ತಿದ್ದುಪಡಿ. ಈ ಪತ್ರದ ಎರಡನೆಯ ಪ್ಯಾರಾದಲ್ಲಿ 'ಸತ್ತರೆ ನಿನ್ನಿಂದ ಸಾಯುತ್ತದೆ' ಎಂದಿದೆ. ಅದನ್ನು 'ಸತ್ತರೆ ನಮ್ಮಿಬ್ಬರಿಂದ ಸಾಯುತ್ತದೆ' ಎಂದು ಓದಿಕೊಳ್ಳಬೇಕು. ತಪ್ಪಿಗೆ ವಿಷಾದಿಸುತ್ತೇನೆ.

ವಿಷಾದ ಈ ಒಂದು ಸಾಲಿಗೆ ಮಾತ್ರ. ಜಡೆಯ ವಿಷಯ, ಕಾಫಿಯ ವಿಷಯ, ತುಟಿಯ ವಿಷಯ ಇದ್ದಲ್ಲೇ ಇವೆ.

ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಬಿಳಿ ಕಾಗದದ ಮೇಲೆ ಮೂರು ಹಿಕ್ಕೆ. ಕಾಳುಮೆಣಸಿಗಿಂತ ಸಣ್ಣವು, ಒಂದು ಸೊಟ್ಟಗಿದೆ. ವೈದ್ಯೆಯನ್ನು ಕೂಗಿದೆ. ಅವರು ಬೆಕ್ಕೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಿ ಬಂದು, ಬಗ್ಗಿ ನೋಡಿ, "ಗೆದ್ವಿ ಕಣ್ರೀ!" ಎಂದರು. ಅಲ್ಪ ಕಿವಿ ಎತ್ತಿ, ನನ್ನ ಕೈಯಲ್ಲಿದ್ದ ಒಂದು ಎಳೆ ಹುಲ್ಲನ್ನು ತಾನೇ ಎಳೆದುಕೊಂಡಿತು. ಅದು ಹುಲ್ಲು ಅಗಿಯುವ ಸದ್ದು ಹೊಸ ಪತ್ರಿಕೆಯ ಪುಟ ತಿರುವಿದ ಹಾಗಿರುತ್ತದೆ. ಗೋಡೆಯ ಕಡೆಗೆ ತಿರುಗಿ ನಾನು ಅತ್ತೆ. ಆಗ ಮೊದಲು ಕೈ ಹೋದದ್ದು ಫೋನಿಗೆ, ನಿನ್ನ ನಂಬರಿಗೆ. ಒತ್ತಲಿಲ್ಲ.

ಈಗ ತೀರ್ಪು. ಮೂರು ದಿನ ಎಂದು ಗೊತ್ತು ಮಾಡಿದ್ದೆ. ನನ್ನ ಅಲ್ಪವಿರಾಮದ ಪಾಲಿಗೆ ಒಂದು ದಿನವನ್ನು ಕಡಿತ ಮಾಡಿದ್ದೇನೆ, ಆದ್ದರಿಂದ ಇದು ಸಾದಾ ಅಂಚೆಯಲ್ಲಲ್ಲ, ತುರ್ತು ಅಂಚೆಯಲ್ಲಿ ಬರುತ್ತದೆ. ಎರಡು ದಿನ ಹಿಡಿಯುತ್ತದೆ ಎಂದು ಅಂಚೆ ಕಚೇರಿಯ ಹೆಂಗಸು ಹೇಳಿದಳು. ಆ ಎರಡು ದಿನ ನನ್ನದಲ್ಲ, ಮೊಲದ್ದೂ ಅಲ್ಲ. ಅಮ್ಮನದು. ಅದನ್ನು ನೀನು ಪೂರ್ತಿ ಕಾಯಲೇಬೇಕಿತ್ತು.

ಒಳಗೆ ಮಡಚಿಟ್ಟಿರುವ ಪುಟ್ಟ ಪೊಟ್ಟಣದಲ್ಲಿ ಮೂರು ಹಿಕ್ಕೆಗಳಿವೆ. ಒಣಗಿವೆ, ವಾಸನೆಯಿಲ್ಲ. ಎಣಿಸಿಕೊ. ಮೂರೇ ಬೇಕೆನ್ನುವವಳಿಗೆ ಮೂರನ್ನೇ ಕಳಿಸಿದ್ದೇನೆ. ನಾಲ್ಕನೆಯದು ಬಿದ್ದಾಗ ಫೋನ್ ಎತ್ತುತ್ತೇನೆ. ಆಗ ನೀನು ಮೊದಲು ಆಡಬೇಕಾದ ಮಾತು ಥ್ಯಾಂಕ್ಸ್ ಅಲ್ಲ, ಮೊಲದ ಬಗ್ಗೆಯೂ ಅಲ್ಲ. ಯಾವುದೆಂದು ನಿನಗೆ ಗೊತ್ತು.

ಅಮ್ಮ ಪತ್ರದ ಕೊನೆಗೆ ನಮಗಿಬ್ಬರಿಗೂ ಬರೆಯುತ್ತಿದ್ದ ಹಾರೈಕೆಯನ್ನೇ ನಾನೂ ಬರೆಯುತ್ತೇನೆ. ಅದನ್ನು ಮನುಷ್ಯರಿಗೆ ಹೇಳುವ ಹಾಗೆ ಓದಿಕೊಳ್ಳುತ್ತೀಯೋ, ಮೊಲಕ್ಕೆ ಹೇಳುವ ಹಾಗೆ ಓದಿಕೊಳ್ಳುತ್ತೀಯೋ, ಈ ಸಲ ನಾನು ತಿದ್ದುವುದಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ.

ಇತಿ,
ನಿನ್ನ ತಂಗಿ